ದ್ಯಾಮವ್ವನ ಸೊಂಟಕ್ಕೆ ಮೈಲಾರಿ ಮಾಡಿದ ಮದ್ದು

ದ್ಯಾಮವ್ವನನ್ನು ಹತ್ತೊಂಬತ್ತು ವರ್ಷ ಹಸಿ ನೆಲದ ಮೇಲೆ ಕೂರಿಸಿದರು. ಆದ ತಪ್ಪು ಇದು. ಇನ್ನುಳಿದದ್ದು ನಗುವ ಕತೆ. ನಗುವವರು ಧಾರಾಳವಾಗಿ ನಗಲಿ, ತಪ್ಪು ಯಾವುದು ಅನ್ನುವುದನ್ನು ಮಾತ್ರ ಕೊನೆಯ ತನಕ ಮರೆಯಬಾರದು.

ಒಂದು ಊರು. ಊರ ಹೊರಗೆ ಒಣಮೆಣಸಿನಕಾಯಿಯ ಅಂಗಳ. ಮೇಲೆ ತಗಡು, ಕೆಳಗೆ ಗುಡ್ಡದ ಹಾಗೆ ಸುರಿದ ಕೆಂಪು ಕಾಯಿ, ಗುಡ್ಡದ ಸುತ್ತ ಎಂಬತ್ತು ಹೆಂಗಸರು. ಅವರ ಕೆಲಸ ಒಂದೇ, ಕಾಯಿಯ ತೊಟ್ಟು ಮುರಿಯುವುದು. ಕಾಯಿ ಪುಡಿಯಾಗಬಾರದೆಂದು ಬೆಳಿಗ್ಗೆಯೇ ಅದರ ಮೇಲೆ ನೀರು ಚಿಮುಕಿಸುತ್ತಾರೆ. ನೀರು ನೆಲಕ್ಕೆ ಇಳಿಯುತ್ತದೆ. ನೆಲದಿಂದ ಸೀರೆಗೆ ಏರುತ್ತದೆ. ಸೀರೆಯಿಂದ ಸೊಂಟಕ್ಕೆ ಹೋಗುತ್ತದೆ. ದಿನಕ್ಕೆ ಹತ್ತು ತಾಸು.

ದ್ಯಾಮವ್ವನಿಗೆ ಗಂಡ ಇಲ್ಲ. ಇರುವುದು ಒಬ್ಬ ಮಗ, ಮೈಲಾರಿ. ಮೂವತ್ತು ವರ್ಷದ ಆಳು. ಮೈಯಲ್ಲಿ ಎರಡು ಎತ್ತಿನ ಬಲ, ತಲೆಯಲ್ಲಿ ಹೇಳಿದಷ್ಟು ಬುದ್ಧಿ. ಹೇಳಿದಷ್ಟು ಅಂದರೆ ಹೇಳಿದಷ್ಟೇ. ಹಾಲು ಉಕ್ಕುತೈತೇನು ನೋಡು ಅಂದರೆ ಒಲೆಯ ಮುಂದೆ ಕೂತು ನೋಡುತ್ತಾನೆ. ಹಾಲು ಉಕ್ಕಿ, ಹರಿದು, ಒಲೆ ಆರಿದ ಮೇಲೆ ಬಂದು ಹೇಳುತ್ತಾನೆ, "ಉಕ್ಕಿತು ಯವ್ವಾ. ನೋಡ್ದೆ."

ಅದೇ ಅಂಗಳದಲ್ಲಿ ಅವನಿಗೂ ಕೆಲಸ. ಗುಡ್ಡದಿಂದ ಬುಟ್ಟಿ ತುಂಬಿ ಹೆಂಗಸರ ಮುಂದೆ ಸುರಿಯುವುದು. ಸುರಿ ಅಂದರೆ ಸುರಿಯುತ್ತಾನೆ. ಸಾಕು ಅನ್ನುವ ತನಕ ಸುರಿಯುತ್ತಾನೆ. ಸಾಕು ಅನ್ನಲು ಮರೆತರೆ ಆ ಹೆಂಗಸನ್ನು ಕಾಯಿಯೊಳಗಿಂದ ಹುಡುಕಿ ತೆಗೆಯಬೇಕು.

ದ್ಯಾಮವ್ವನಿಗೆ ಸೊಂಟದ ನೋವು ಹಳೆಯದು. ಹೊಸದು ಯಾವುದೆಂದರೆ ಜೋಮು. ಹತ್ತೊಂಬತ್ತನೆಯ ವರ್ಷ ಬಲಗಾಲಿನ ಹಿಮ್ಮಡಿಗೆ ಜೋಮು ಹಿಡಿಯಿತು. ಚಿವುಟಿದರೆ ಗೊತ್ತಾಗುತ್ತಿರಲಿಲ್ಲ. ಚಪ್ಪಲಿ ಕಾಲಿನಿಂದ ಜಾರಿ ಬಿದ್ದರೂ ಗೊತ್ತಾಗದೆ ಹತ್ತು ಹೆಜ್ಜೆ ನಡೆದುಬಿಡುತ್ತಿದ್ದಳು.

ಪಕ್ಕದಲ್ಲಿ ಕೂರುವ ಹಜರತ್‌ಬಿಗೆ ಹೇಳಿದಳು, "ಕಾಲು ಹೋದ್ರ ಹೋಗ್ಲಿ ಹಜರತ್‌ಬಿ. ನಾ ಮೂಲಿಗೆ ಬಿದ್ರ ಈ ಮೈಲಾರಿಗೆ ಹೇಳವ್ರು ಯಾರು? ಯಾರು ಏನು ಹೇಳಿದ್ರೂ ಮಾಡ್ತಾನ. ಬಾವಿಗೆ ಬೀಳು ಅಂದ್ರೂ ಎಷ್ಟು ಹೊತ್ತಿಗೆ ಅಂತ ಕೇಳ್ತಾನ."

"ಅದನ್ನೂ ಕೇಳೂದಿಲ್ಲ ಅವ" ಅಂದಳು ಹಜರತ್‌ಬಿ.

ದ್ಯಾಮವ್ವನ ಹೆದರಿಕೆ ಇದೊಂದೇ. ಜೋಮು ಎಲ್ಲಿಗೆ ಮುಟ್ಟಿತು ಅಂತ ದಿನಾ ಬೆರಳಿಂದ ಚಿವುಟಿ ನೋಡಿಕೊಳ್ಳುತ್ತಿದ್ದಳು.

ಹೆಂಗಸರು ನರಳುವುದು ಅಂಗಳದ ಸಾವ್ಕಾರರ ಕಿವಿಗೂ ಬಿತ್ತು. ಸಾವ್ಕಾರರು ಮರುಗಿದರು. ಮರುಗಿ ದೀಪಾವಳಿಗೆ ಎಂಬತ್ತು ಮಂದಿಗೂ ಒಂದೊಂದು ಸೀಸೆ ನೋವಿನ ತೈಲ ಹಂಚಿದರು. ತೈಲ ಕಾಸಿದವನು ಅಂಗಳದ ಗೇಟಿನ ಹೊರಗೆ ಸೀಸೆ ಜೋಡಿಸಿಕೊಂಡು ಕೂರುವ, ಊರವರೆಲ್ಲ ಅಜ್ಜ ಅನ್ನುವ ನಾಟಿ ವೈದ್ಯ ಗದಿಗೆಪ್ಪ. ಗದಿಗೆಪ್ಪ ಕೆಟ್ಟವನಲ್ಲ. ಅವನ ತೈಲವೂ ಕೆಟ್ಟದ್ದಲ್ಲ. ಸಂಜೆ ಹಚ್ಚಿದ ತೈಲದ ಸುಖವನ್ನು ಬೆಳಗಿನ ಹಸಿ ನೆಲ ಕಿತ್ತುಕೊಳ್ಳುತ್ತಿತ್ತು, ಅಷ್ಟೇ.

ಗದಿಗೆಪ್ಪ ಮೈಲಾರಿಯನ್ನು ಕರೆದು ಹೇಳಿದ, "ನಿಮ್ಮವ್ವನ ಸೊಂಟಕ್ಕ ತೈಲ ಹಚ್ಚು. ಉರಿ ಏಳೋ ತನಕ ತಿಕ್ಕು, ಬಾಳ ಹೊತ್ತು ಹಿಡೀತೈತಿ. ಉರಿ ಎದ್ದ ಕೂಡ್ಲೆ ಬಿಟ್ಟುಬಿಡು. ತಿಳೀತಾ?"

"ತಿಳೀತು."

ದಿನವಿಡೀ ಮೆಣಸಿನಕಾಯಿ ಬುಟ್ಟಿ ಹೊತ್ತ ಕೈ. ಕೈ ತೊಳಿ ಅಂತ ಯಾರೂ ಹೇಳಿರಲಿಲ್ಲ. ಮೈಲಾರಿ ಮನೆಗೆ ಬಂದ, ಸೀಸೆ ಬಗ್ಗಿಸಿದ, ಅವ್ವನ ಸೊಂಟಕ್ಕೆ ಒಂದು ಸಲ ತಿಕ್ಕಿದ. ಒಂದೇ ಸಲ.

ದ್ಯಾಮವ್ವ ಚಾಪೆಯಿಂದ ಎಗರಿದಳು. "ಯಪ್ಪಾ ಸತ್ತೆ! ಉರಿಯೋ, ಉರಿ."

"ಎದ್ದಿತೇನು ಉರಿ? ಹಂಗಾರ ಮುಗೀತು" ಅಂತ ಮೈಲಾರಿ ಸೀಸೆಯ ಬಿರಡೆ ಹಾಕಿದ. "ಅಜ್ಜ ಬಾಳ ಹೊತ್ತು ಹಿಡೀತೈತಿ ಅಂದಿದ್ದ. ನಾ ಲಗೂನ ಮುಗಿಸಿದೆ."

ಮೂರು ಕೊಡ ನೀರು ಸುರಿದರೂ ಉರಿ ಇಳಿಯಲಿಲ್ಲ. ದ್ಯಾಮವ್ವ ಗೋಡೆಗೆ ಕೈ ಕೊಟ್ಟು ನಿಂತೇ ಬೈದಳು. "ನನ್ನ ಹೊಟ್ಟಿಯಾಗ ಹುಟ್ಟೋ ಮುಂದ ತಲಿ ಎಲ್ಲಿ ಬಿಟ್ಟು ಬಂದ್ಯೋ? ಕೇಳಿಲ್ಲಿ. ಇನ್ ಮ್ಯಾಲ ಏನರ ನನ್ನ ಮೈಗೆ ಹಚ್ಚೂದಿದ್ರ ಮೊದ್ಲು ತಣ್ಣೀರಾಗ ಚಂದಂಗ ತೊಳಿ. ತೊಳದು, ಆಮ್ಯಾಲ ಹಚ್ಚು."

"ಹಂಗ ಮಾಡ್ತೀನಿ ಯವ್ವಾ."

ಜೋಮು ಹಿಮ್ಮಡಿಯಿಂದ ಮೀನಖಂಡಕ್ಕೆ ಬಂತು.

ಮುಂದಿನ ವಾರ ಗದಿಗೆಪ್ಪ ಬೇರೆ ಉಪಾಯ ಹೇಳಿದ. ಕಲ್ಲುಪ್ಪು ಹುರಿದು, ಅರಿವೆಯಲ್ಲಿ ಗಂಟು ಕಟ್ಟಿ, ಬಿಸಿ ಇರುವಾಗಲೇ ಸೊಂಟಕ್ಕೆ ಶಾಖ ಕೊಡಬೇಕು. ತಾನೇ ಹುರಿದು, ತಾನೇ ಗಂಟು ಕಟ್ಟಿ ಮೈಲಾರಿಯ ಕೈಗೆ ಕೊಟ್ಟ. "ಆರೋದ್ರಾಗ ಓಡು. ಓಡಿಹೋಗಿ ನಿಮ್ಮವ್ವನ ಸೊಂಟಕ್ಕಿಡು."

ಮೈಲಾರಿ ಓಡಿದ. ಮನೆಯ ಬಾಗಿಲಿಗೆ ಬಂದಾಗ ಅವ್ವನ ಮಾತು ನೆನಪಾಯಿತು. ಮೈಗೆ ಹಚ್ಚುವುದನ್ನು ಮೊದಲು ತಣ್ಣೀರಲ್ಲಿ ತೊಳೆಯಬೇಕು. ಗಂಟನ್ನು ಬಾನಿಗೆ ಅದ್ದಿದ. ಚುಸ್ ಅಂತು. ಚಂದಂಗ ತೊಳಿ ಅಂದಿದ್ದಳಲ್ಲ, ಹಿಂಡಿದ. ಮತ್ತೆ ಅದ್ದಿದ. ಮತ್ತೆ ಹಿಂಡಿದ. ದ್ಯಾಮವ್ವ ಸೀರೆ ಸಡಿಲಿಸಿ ಬೋರಲು ಮಲಗಿ ಕಾಯುತ್ತಿದ್ದಳು. ಅವಳ ಸೊಂಟದ ಮೇಲೆ ತಣ್ಣಗೆ, ಬರಿದಾದ ಒಂದು ಒದ್ದೆ ಚಿಂದಿ ಬಂದು ಬಿತ್ತು.

"ಉಪ್ಪು ಎಲ್ಲೈತೋ?"

"ಬಾನ್ಯಾಗೈತಿ ಯವ್ವಾ. ಹೊಲಸೆಲ್ಲ ಹೋತು. ಎಷ್ಟು ಹೊಲಸಿತ್ತಂದ್ರ, ತೊಳದು ತೊಳದು ಗಂಟಿನಾಗ ಏನೂ ಉಳೀಲಿಲ್ಲ."

ಆ ಬಾನಿಯಲ್ಲಿದ್ದದ್ದು ಮನೆಗೆ ಎರಡು ದಿನಕ್ಕಾಗುವ ಕುಡಿಯುವ ನೀರು. ದ್ಯಾಮವ್ವ ಹಣೆ ಹಣೆ ಬಡಿದುಕೊಂಡಳು. "ಮದ್ದನ್ನ ಯಾರರ ನೀರಿಗೆ ಹಾಕ್ತಾರೇನೋ? ಅಜ್ಜ ಏನು ಕೊಟ್ರೂ ಸೀದಾ ಒಲಿ ಮ್ಯಾಲಿಡು. ಹಂಚಿನ ಮ್ಯಾಲ ಚಲೋತಂಗ ಕಾಸು. ಕಾಸಿ, ಬಿಸಿ ಇದ್ದಾಗ ತಾ."

"ಹಂಗ ಮಾಡ್ತೀನಿ ಯವ್ವಾ."

ಈ ಕತೆಯನ್ನು ಮರುದಿನ ಅಂಗಳದಲ್ಲಿ ಹಜರತ್‌ಬಿ ಸುತ್ತಲಿನವರಿಗೆ ಹೇಳಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ನಗುವಾಗ ಒಬ್ಬೊಬ್ಬಳೂ ಒಂದೊಂದು ಕೈಯಿಂದ ತನ್ನ ಸೊಂಟ ಹಿಡಿದುಕೊಂಡೇ ನಕ್ಕಳು. ಅಂಗಳದ ಗುಮಾಸ್ತ ಶಿದ್ಲಿಂಗಪ್ಪ ತಾನು ಕೂತಲ್ಲಿಂದಲೇ ಕೂಗಿದ, "ಬಾಯಿ ನಡದಂಗ ಕೈ ನಡೀಲಿ." ಕೈ ನಡೆದವು.

ಜೋಮು ಮೊಣಕಾಲಿಗೆ ಬಂತು. ಈಗ ದ್ಯಾಮವ್ವ ಕೂತಲ್ಲಿಂದ ಏಳಬೇಕಾದರೆ ಹಜರತ್‌ಬಿಯ ಹೆಗಲು ಬೇಕಾಯಿತು.

"ಕೆಟ್ಟ ರಕ್ತ ಕೂತೈತಿ" ಅಂದ ಗದಿಗೆಪ್ಪ. "ಜಿಗಣಿ ಹಚ್ಚಬೇಕು." ಕೆರೆಗೆ ಹೋಗಿ ನಾಲ್ಕು ಜಿಗಣೆ ಹಿಡಿದು, ಗಡಿಗೆಯಲ್ಲಿ ಹಾಕಿ ಮೈಲಾರಿಗೆ ಕೊಟ್ಟ. "ಮನಿಗೆ ಒಯ್ದಿಡು. ನಾ ಹಿಂದ ಬರ್ತೀನಿ."

ಅಜ್ಜ ಏನು ಕೊಟ್ಟರೂ ಸೀದಾ ಒಲೆಯ ಮೇಲೆ. ಗದಿಗೆಪ್ಪ ಬರುವ ಹೊತ್ತಿಗೆ ಮನೆಯ ತುಂಬ ವಾಸನೆ. ಹಂಚಿನ ಮೇಲೆ ನಾಲ್ಕು ಕರಿ ಚೂರು.

"ಬಿಸಿ ಅದಾವ ಅಜ್ಜ" ಅಂದ ಮೈಲಾರಿ. "ಲಗೂನ ಹಚ್ಚು, ಆರ್ತಾವ."

ಗದಿಗೆಪ್ಪನಿಗೆ ಕಣ್ಣಲ್ಲಿ ನೀರೇ ಬಂತು. ಆ ನಾಲ್ಕನ್ನು ಹಿಡಿಯಲು ಅವನು ಅರ್ಧ ದಿನ ಕೆಸರಲ್ಲಿ ಕಾಲಿಟ್ಟು ನಿಂತಿದ್ದ. "ಲೇ, ಅವು ಜೀವ ಇದ್ದಂಥವು. ಜೀವ ಇದ್ದದ್ದನ್ನ ಹಂಚಿನ ಮ್ಯಾಲ ಇಡ್ತಾರೇನೋ? ಜೀವ ಇದ್ದದ್ದನ್ನ ನೆರಳಾಗ ಇಡಬೇಕು. ಒದ್ದಿ ಗೋಣಿ ಮುಚ್ಚಬೇಕು. ಅಲ್ಲಾಡಾಕ ಬಿಡಬಾರದು. ತಿಳೀತಾ?"

"ತಿಳೀತು."

"ಇನ್ನ ನನ್ನ ಹತ್ರ ಬರಬ್ಯಾಡ" ಅಂತ ಹೇಳಿ ಗದಿಗೆಪ್ಪ ಗಡಿಗೆ ಎತ್ತಿಕೊಂಡು ಹೋದ. ಮೈಲಾರಿ ಆ ಮಾತನ್ನೂ ಜೋಪಾನ ಮಾಡಿದ. ಆಮೇಲೆ ಗೇಟಿನ ಮುಂದೆ ಗದಿಗೆಪ್ಪನ ಹತ್ತಿರ ಹೋಗಬಾರದೆಂದು ಹಿಂದಿನ ಗೋಡೆ ಹತ್ತಿ ಇಳಿದು ಕೆಲಸಕ್ಕೆ ಬರುತ್ತಿದ್ದ.

ಅಂಗಳಕ್ಕೆ ರಜೆಯ ದಿನ ಬಂತು. ದ್ಯಾಮವ್ವ ಒಂದಿಷ್ಟು ಗಂಜಿ ಕುಡಿದು, ಮಧ್ಯಾಹ್ನ ಮನೆಯ ಮುಂದಿನ ಚಪ್ಪರದಡಿ ಮೈ ಚೆಲ್ಲಿದಳು. "ಮೈಲಾರಿ, ಸ್ವಲ್ಪ ಮಲಗ್ತೀನಿ. ಜೀವ ಇದ್ದೂ ಇಲ್ದಂಗ ಆಗೇತಿ."

ಮೈಲಾರಿ ಮೂಗಿಗೆ ಬೆರಳಿಟ್ಟು ನೋಡಿದ. ಉಸಿರು ಬೆಚ್ಚಗಿತ್ತು. ಜೀವ ಇದೆ. ಜೀವ ಇದ್ದದ್ದಕ್ಕೆ ಏನು ಮಾಡಬೇಕು? ನೆರಳು ಇದ್ದೇ ಇತ್ತು. ಎರಡು ಗೋಣಿ ನೆನೆಸಿ ತಂದು ಕುತ್ತಿಗೆಯ ತನಕ ಹೊದಿಸಿದ. ಅಲ್ಲಾಡಬಾರದೆಂದು ಎರಡೂ ಕಡೆ ಕಲ್ಲು ಹೇರಿದ. ಗೋಣಿ ಒಣಗಿದಂತೆಲ್ಲ ನೀರು ಹಾಕುತ್ತಾ ಕಾದು ಕೂತ.

ದ್ಯಾಮವ್ವ ನಡುಗುತ್ತಾ ಎಚ್ಚರಗೊಂಡಳು. ಏಳಲು ಹೋದರೆ ಮಗ ಹೆಗಲು ಒತ್ತಿ ಹಿಡಿದ. "ಅಲ್ಲಾಡಬ್ಯಾಡ ಯವ್ವಾ. ಜೀವ ಐತಿ ನಿನಗ."

ಈ ಸಲ ಅವಳು ಬೈಯಲಿಲ್ಲ. ಕೈಯನ್ನು ಗೋಣಿಯೊಳಗೆ ತೂರಿಸಿ ತೊಡೆ ಚಿವುಟಿಕೊಂಡಳು. ಗೊತ್ತಾಗಲಿಲ್ಲ. ಇನ್ನೊಂದು ಸಲ ಚಿವುಟಿದಳು. ಆಗ ಅತ್ತಳು. ಮಗ ತನ್ನ ಪಾಡಿಗೆ ಗೋಣಿಗೆ ನೀರು ಚಿಮುಕಿಸುತ್ತಿದ್ದ. ಹತ್ತೊಂಬತ್ತು ವರ್ಷದಿಂದ ಅಂಗಳದವರು ಮಾಡುತ್ತಿದ್ದುದೂ ಇದೇ ಅಲ್ಲವೇ ಅಂತ ಅವಳಿಗೆ ಅನ್ನಿಸಿತು. ಅವರನ್ನು ಯಾರೂ ಪೆದ್ದರು ಅಂದಿರಲಿಲ್ಲ.

ಅಳು ಕೇಳಿ ಪಕ್ಕದ ಮನೆಯ ಹಜರತ್‌ಬಿ ಬಂದಳು, ಕಲ್ಲು ಸರಿಸಿದಳು. "ಲೇ ಮೈಲಾರಿ, ನಿಮ್ಮವ್ವಗ ತಂಪು ಹತ್ತಬಾರದು. ಎತ್ತು ಮ್ಯಾಲ. ದವಾಖಾನಿಗೆ ಒಯ್ಯಿ. ಎಲ್ಲೂ ಕೆಳಗ ಇಳಿಸಬ್ಯಾಡ."

ಮೈಲಾರಿ ಎತ್ತಿ ಹೆಗಲ ಮೇಲೆ ಹಾಕಿಕೊಂಡ. ಸರ್ಕಾರಿ ದವಾಖಾನೆ ನಾಲ್ಕು ಮೈಲಿ. ದಾರಿಯಲ್ಲಿ ಬಸ್ಸು ಬಂತು, ಕಂಡಕ್ಟರು ಹತ್ತು ಅಂದ. "ಇಳಿಸಬ್ಯಾಡ ಅಂದಾಳ" ಅಂದ ಮೈಲಾರಿ. ಬಸ್ಸು ಹೋಯಿತು. ಡಾಕ್ಟರಮ್ಮನ ಮುಂದೆಯೂ ಇಳಿಸಲಿಲ್ಲ. ಆಕೆ ಎದ್ದು ನಿಂತು, ಹೆಗಲ ಮೇಲಿದ್ದ ದ್ಯಾಮವ್ವನ ಕಾಲನ್ನು ಹಾಗೆಯೇ ತಟ್ಟಿ, ಬಗ್ಗಿಸಿ, ಗೀರಿ ನೋಡಬೇಕಾಯಿತು.

"ಅಮ್ಮಾ, ಸೊಂಟದ ನರ ಒತ್ತಿಕೊಂಡಿದೆ" ಅಂದರು ಡಾಕ್ಟರಮ್ಮ. "ತೈಲ ಹಚ್ಚಿಕೊಳ್ಳಿ, ಬೇಡ ಅನ್ನಲ್ಲ. ಶಾಖ ಕೊಟ್ಟರೆ ಹಾಯಾಗುತ್ತೆ. ಜಿಗಣೆಯಿಂದ ಏನೂ ಆಗಲ್ಲ. ನಾನು ಮಾತ್ರೆ ಕೊಡ್ತೀನಿ, ಕಾಲಿಗೆ ಒಂದಿಷ್ಟು ವ್ಯಾಯಾಮ ಹೇಳಿಕೊಡ್ತೀನಿ. ಆದರೆ ಕೂರುವ ಜಾಗ ಬದಲಾಗದಿದ್ದರೆ ಇದ್ಯಾವುದೂ ನಿಲ್ಲಲ್ಲ. ನೆಲಕ್ಕೆ ಕೂರಬೇಡಿ. ಗೇಣು ಎತ್ತರದ ಒಣ ಹಲಗೆ ಹಾಕಿಕೊಂಡು ಕೂತುಕೊಳ್ಳಿ. ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೀರಿ. ಹೀಗೇ ಕೂತರೆ ಮಳೆಗಾಲದ ಹೊತ್ತಿಗೆ ಈ ಕಾಲಲ್ಲಿ ಬಲ ಉಳಿಯಲ್ಲ."

"ಹಲಗಿ" ಅಂದ ಮೈಲಾರಿ.

"ಹೌದಪ್ಪ, ಹಲಗೆ."

"ತಿಳೀತು."

ಹಲಗೆ ಎಲ್ಲಿವೆ ಅಂತ ಅವನಿಗೆ ಗೊತ್ತಿತ್ತು. ಅಂಗಳದ ಹಿಂದಿನ ಭಾಗದಲ್ಲಿ ತುಂಬಿದ ಚೀಲಗಳ ಸಾಲು. ಒಂದೊಂದು ಸಾಲಿನ ಅಡಿಗೂ ಗೇಣೆತ್ತರದ ಮರದ ಹಲಗೆ. ಚೀಲ ನೆಲಕ್ಕೆ ತಾಗಬಾರದಲ್ಲ. ಖಾಲಿ ಹಲಗೆ ಒಂದು ಗೋಡೆಗೆ ಒರಗಿತ್ತು. ಮರುದಿನ ಮೈಲಾರಿ ಅದನ್ನು ತಂದ, ಗುಡ್ಡದ ಬದಿಗೆ ಹಾಸಿದ, ಅವ್ವನನ್ನು ಎತ್ತಿ ಕೂರಿಸಿದ. ಅಷ್ಟು ವರ್ಷದಲ್ಲಿ ಮೊದಲ ಸಲ ಅವನು ಮಾಡಿದ್ದು ಸರಿಯಾಗಿತ್ತು.

ಗುಮಾಸ್ತ ಶಿದ್ಲಿಂಗಪ್ಪ ತಂಗಿಯ ಮಗಳ ಮದುವೆಗೆ ಹೋಗಿದ್ದ. ನಾಲ್ಕು ದಿನ ಇರಲಿಲ್ಲ. ಆ ನಾಲ್ಕು ದಿನ ದ್ಯಾಮವ್ವ ಹಲಗೆಯ ಮೇಲೆ ಕೂತು ತೊಟ್ಟು ಮುರಿದಳು. ತಾಸಿಗೊಮ್ಮೆ ಎದ್ದಳು, ನಾಲ್ಕು ಹೆಜ್ಜೆ ನಡೆದಳು. ಸೀರೆ ಒಣಗೇ ಇತ್ತು. ನಾಲ್ಕನೆಯ ದಿನ ತೊಡೆ ಚಿವುಟಿದರೆ ನೋವಾಯಿತು. ಅವಳು ಹಜರತ್‌ಬಿಯ ಕೈ ಹಿಡಿದು ತನ್ನ ತೊಡೆಯ ಮೇಲಿಟ್ಟಳು. "ಚೂಟು. ಜೋರಾಗಿ ಚೂಟು." ಹಜರತ್‌ಬಿ ಚಿವುಟಿದಳು. "ಹಾಯ್" ಅಂತ ದ್ಯಾಮವ್ವ ನಕ್ಕಳು. "ನೋವಾತು ಹಜರತ್‌ಬಿ. ನೋವಾತು."

ಐದನೆಯ ದಿನ ಗುಮಾಸ್ತ ಬಂದ.

"ಈ ಹಲಗಿ ಇಲ್ಲಿಗ್ಯಾಕ ಬಂತು?"

"ಡಾಕ್ಟರಮ್ಮ ಹೇಳ್ಯಾರ್ರೀ" ಅಂದಳು ದ್ಯಾಮವ್ವ. "ನೆಲದ ಮ್ಯಾಲ ಕುಂತ್ರ ಕಾಲು ಹೋಗ್ತೈತಂತ. ಗೋಡಿಗೆ ಒರಗಿತ್ತು, ಖಾಲಿ ಇತ್ತು."

"ನಿನಗ ಕೊಟ್ರ ಎಂಬತ್ತು ಮಂದಿ ಕೇಳ್ತಾರ."

"ಎಂಬತ್ತು ಮಂದಿಗೂ ಸೊಂಟ ಐತ್ರಿ ಗುಮಾಸ್ತ್ರ" ಅಂದಳು ಹಜರತ್‌ಬಿ, ಕಾಯಿಯಿಂದ ಕಣ್ಣು ಎತ್ತದೆ.

"ಹಲಗಿ ಇರೂದು ಮಾಲಿಗೆ. ಮಾಲಿಗೆ ನೆಲದ ತಂಪು ಹತ್ತಿದ್ರ ಬೂಸು ಹಿಡೀತೈತಿ."

"ಮಂದಿಗೆ ಹತ್ತಿದ್ರ?"

"ಮಂದಿಗೆ ಗದಿಗೆಪ್ಪ ಅದಾನ."

ಅಷ್ಟು ಹೇಳಿ ಗುಮಾಸ್ತ ಮೈಲಾರಿಯ ಕಡೆ ತಿರುಗಿದ. ಪೆದ್ದನಿಗೆ ಬಿಡಿಸಿ ಹೇಳಬೇಕು ಅಂತ ಅವನಿಗೂ ಗೊತ್ತಿತ್ತು. ಬೆರಳು ಮಡಚಿ ಹೇಳಿದ, "ಚೀಲದಾಗ ಇರಬೇಕು. ಚೀಲಾ ಹೊಲಿದಿರಬೇಕು. ಚೀಲದ ಮ್ಯಾಲ ನಂಬರ್ ಇರಬೇಕು. ಅಂಥಾದ್ದು ಹಲಗಿ ಮ್ಯಾಲ ಇರಬೇಕು, ನೆಲಕ್ಕ ತಾಗಬಾರದು. ಬ್ಯಾರೆ ಯಾವುದನ್ನೂ ಹಲಗಿ ಮ್ಯಾಲ ಇಡಬ್ಯಾಡ. ತಿಳೀತಾ?"

"ತಿಳೀತ್ರಿ."

ಆ ದಿನ ದ್ಯಾಮವ್ವ ನೆಲಕ್ಕೆ ಕೂತಳು. ಸಂಜೆಯ ಹೊತ್ತಿಗೆ ತೊಡೆ ಮತ್ತೆ ಸತ್ತಿತ್ತು. ಮಗ ಹೊತ್ತುಕೊಂಡು ಮನೆಗೆ ಹೋದ.

ಮರುದಿನ ಎಲ್ಲರಿಗಿಂತ ಮೊದಲು ಹೊತ್ತುಕೊಂಡು ಬಂದ. ಚೀಲಗಳ ಸಾಲಿನ ಹತ್ತಿರ ನಿಂತು ಒಂದು ಖಾಲಿ ಚೀಲದ ಬಾಯಿ ಅಗಲಿಸಿ ಹಿಡಿದ.

"ಇದರಾಗ ಇಳಿ ಯವ್ವಾ."

"ಯಾಕೋ?"

"ಹಲಗಿ ಮ್ಯಾಲ ಕೂಡಾಕ."

ದ್ಯಾಮವ್ವ ಮಗನ ಮುಖ ನೋಡಿದಳು. ಮೂವತ್ತು ವರ್ಷ ಬೈದಿದ್ದಳು. ಈಗ ಬೈಯೋಣವೆಂದರೆ ಬೈಗುಳ ಒಂದೂ ಉಳಿದಿರಲಿಲ್ಲ. ಇವನು ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದಾನೆ, ಹೇಳಿದವನು ಗುಮಾಸ್ತ. ಅವಳು ಮಗನ ಹೆಗಲು ಹಿಡಿದು ಚೀಲದೊಳಗೆ ಇಳಿದಳು.

ಮೈಲಾರಿ ದಬ್ಬಣ ಹಿಡಿದು ಎದೆಯ ಮಟ್ಟಕ್ಕೆ ಸುತ್ತಲೂ ಹೊಲಿದ. ತೊಟ್ಟು ಮುರಿಯಲು ಬೇಕು ಅಂತ ಕೈ ಎರಡನ್ನು ಹೊರಗೆ ಬಿಟ್ಟ. ಓದು ಬರುತ್ತಿರಲಿಲ್ಲ, ಪಕ್ಕದ ಚೀಲದ ಮೇಲಿದ್ದ ನಂಬರನ್ನೇ ನೋಡಿ ನೀಲಿ ಬಣ್ಣದಲ್ಲಿ ಬರೆದ. ಇನ್ನೂರ ಹನ್ನೆರಡು. ಎತ್ತಿ ಹಲಗೆಯ ಮೇಲಿಟ್ಟ. ಮುಂದೆ ಒಂದು ಬುಟ್ಟಿ ಕಾಯಿ ಸುರಿದ.

ಹೆಂಗಸರು ಬಂದರು. ಮೊದಲು ನಕ್ಕರು. ಆಮೇಲೆ ನಗು ನಿಂತಿತು. ಹಜರತ್‌ಬಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ದ್ಯಾಮಕ್ಕಾ, ಇದೇನ ಇದು?"

"ಬೆಚ್ಚಗೈತಿ ಹಜರತ್‌ಬಿ" ಅಂದಳು ದ್ಯಾಮವ್ವ. "ಒಣಗೈತಿ. ಹಿಂದಿನ ಚೀಲಕ್ಕ ಬೆನ್ನು ಆನಿಸಾಕೂ ಬರ್ತೈತಿ."

ಗುಮಾಸ್ತ ಪಟ್ಟಿ ಹಿಡಿದು ಸಾಲು ತಪಾಸಣೆಗೆ ಬಂದ. ತಲೆ ಬಗ್ಗಿಸಿ ನಂಬರು ನೋಡುತ್ತಾ ಬಂದವನು ನಿಂತ. "ಇನ್ನೂರ ಹನ್ನೆರಡು ಎರಡು ಅದಾವಲ್ಲ?"

ಅವನ ಕಣ್ಣಿಗೆ ಮೊದಲು ಬಿದ್ದದ್ದು ಅದು. ಮುಖ ಆಮೇಲೆ ಕಂಡಿತು.

"ಚೀಲದಾಗೈತ್ರಿ" ಅಂದ ಮೈಲಾರಿ, ಬೆರಳು ಮಡಚುತ್ತಾ. "ಹೊಲಿದೈತಿ. ನಂಬರ್ ಐತಿ."

ಗುಮಾಸ್ತನ ಮುಖ ಕಾಯಿಗಿಂತ ಕೆಂಪಾಯಿತು. "ಈ ಚೀಲಾ ಎತ್ತು. ಗೇಟಿನ ಹೊರಗ ಇಡು. ನೀನೂ ಅದರ ಜೋಡಿ ಹೊರಗ ಇರು. ತಿರುಗಿ ಬರಬ್ಯಾಡ್ರಿ ಇಬ್ರೂ."

"ಹಂಗ ಮಾಡ್ತೀನ್ರಿ."

ಮೈಲಾರಿ ಬಗ್ಗಿದ. ಹೊರಗಿಡು ಅಂದರು. ಆದರೆ ಹೊಲಿದು ನಂಬರ್ ಹಾಕಿದ ಚೀಲ ನೆಲಕ್ಕೆ ತಾಗಬಾರದು ಅಂತಲೂ ಅಂದಿದ್ದರು. ಎರಡನ್ನೂ ಹೇಳಿದವರು ಗುಮಾಸ್ತ್ರೇ. ಹಾಗಾಗಿ ಅವನು ಹಲಗೆಯ ಸಮೇತ ಎತ್ತಿದ. ಅವ್ವ, ಚೀಲ, ಹಲಗೆ ಮೂರನ್ನೂ ತಲೆಯ ಮೇಲೆ ಹೊತ್ತು ಎಂಬತ್ತು ಹೆಂಗಸರ ನಡುವೆ ನಡೆದು, ಗೇಟು ದಾಟಿ, ಗದಿಗೆಪ್ಪನ ಹತ್ತಿರವಾಗದಂತೆ ರಸ್ತೆಯ ಆಚೆ ಬದಿಗೆ ಹಲಗೆ ಇಳಿಸಿ, ಪಕ್ಕದಲ್ಲಿ ತಾನೂ ನಿಂತ.

ಎದುರಿಗೆ ಗದಿಗೆಪ್ಪ ಸೀಸೆ ಜೋಡಿಸಿಕೊಂಡು ಕೂತಿದ್ದ. ಚೀಲದ ದ್ಯಾಮವ್ವ ಅವನನ್ನು ನೋಡಿದಳು, ಅವನು ಚೀಲದ ದ್ಯಾಮವ್ವನನ್ನು ನೋಡಿದ. ಅವನ ಹತ್ತಿರ ಅದಕ್ಕೆ ತೈಲ ಇರಲಿಲ್ಲ.

ಒಳಗೆ ಹಜರತ್‌ಬಿ ಎದ್ದಳು. ಅರ್ಧಕ್ಕೆ ಎದ್ದಳು. ಉಳಿದವರ ಕಡೆ ನೋಡಿದಳು. ಉಳಿದವರು ಕಾಯಿಯ ಕಡೆ ನೋಡಿದರು. ಮೊಣಕಾಲು ಲಟಕ್ ಅಂತು, ಕೂತಳು. ಮಧ್ಯಾಹ್ನದೊಳಗೆ ದ್ಯಾಮವ್ವನ ಜಾಗಕ್ಕೆ ಇನ್ನೊಬ್ಬ ಹೆಂಗಸು ಬಂದಳು. ಅದೇ ಜಾಗ, ಅದೇ ಹಸಿ.

ಮೈಲಾರಿಗೆ ಇನ್ನೂ ಯಾರೂ ಹೊರಡು ಅಂದಿಲ್ಲ. ಹೊಲಿಗೆ ಬಿಚ್ಚು ಅಂತಲೂ ಅಂದಿಲ್ಲ. ನಿಂತಿದ್ದಾನೆ.

ಅವನು ಪೆದ್ದ, ಒಪ್ಪೋಣ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ. ಕೂಡು ಅಂದರು ಅಂತ ಎಂಬತ್ತು ಮಂದಿ ವರ್ಷಗಟ್ಟಲೆ ಹಸಿ ನೆಲದ ಮೇಲೆ ಕೂತರಲ್ಲ, ಅದಕ್ಕೆ ಏನನ್ನಬೇಕು?

ನಕ್ಕದ್ದು ಸಾಕು. ನೆಲದ ಮೇಲೆ ಕೂತು ದುಡಿಯುವ ಅಕ್ಕತಂಗಿಯರೇ, ಓದಲು ಬರುವವರು ಇದನ್ನು ಬಾರದವರಿಗೆ ಓದಿ ಹೇಳಿ. ತೈಲ ಕೊಟ್ಟರೆ ತಗೊಳ್ಳಿ, ಹಚ್ಚಿಕೊಳ್ಳಿ. ಆದರೆ ನಾಳೆ ಬೆಳಿಗ್ಗೆ ಒಳಗೆ ಹೋದ ಕೂಡಲೇ ಕೂರಬೇಡಿ. ಹಲಗೆ ಕೇಳಿ. ಒಬ್ಬಳಿಗೆ ಕೊಡುತ್ತೇವೆ ಅಂದರೆ ಬೇಡ ಅನ್ನಿ, ಎಲ್ಲರಿಗೂ ಕೇಳಿ. ಹಲಗೆ ಬರುವ ತನಕ ಒಬ್ಬರೂ ಕೂರಬೇಡಿ. ನಿಂತೇ ಇರಿ.